ಒಂದಡಿ ನ್ಯೂಸ್‌ರೀಲೂ ಇಲ್ಲದ ಸಿನಿಮಾ

ಈ ಸಿನಿಮಾವನ್ನು ಮೊದಲ ಸಲ ನೋಡುವವರು ಅರ್ಧ ದಾಟುವಷ್ಟರಲ್ಲಿ ಪಕ್ಕದವರ ಕಡೆ ಬಾಗಿ ಕೇಳುತ್ತಾರೆ: "ಇದು ಡಾಕ್ಯುಮೆಂಟರಿ ಅಲ್ವಾ?" ನಾನೂ ಕೇಳಿದವನೇ. ಬಾಂಬ್ ಸಿಡಿಯುತ್ತದೆ. ಧೂಳು ಮೆತ್ತಿಕೊಂಡ ಜನ ತಡವರಿಸುತ್ತಾ ಹೊರಗೆ ಬರುತ್ತಾರೆ. ಕ್ಯಾಮೆರಾ ಗುಂಪಿನ ನೂಕುನುಗ್ಗಲಿಗೆ ಸಿಕ್ಕಿ ಅಲುಗಾಡುತ್ತದೆ. ಅಲ್ಲೇ ಇದ್ದ ಯಾರೋ ವರದಿಗಾರ ಜೀವ ಕೈಯಲ್ಲಿ ಹಿಡಿದು ತೆಗೆದ ಹಾಗಿದೆ. ಅದಕ್ಕೇ 'ದಿ ಬ್ಯಾಟಲ್ ಆಫ್ ಆಲ್ಜಿಯರ್ಸ್' ಅಮೆರಿಕಕ್ಕೆ ಹೋದಾಗ ಒಂದು ಸೂಚನೆಯನ್ನೂ ಜೊತೆಗೆ ಹಾಕಬೇಕಾಯಿತು: ಇದರಲ್ಲಿ ಒಂದಡಿ ನ್ಯೂಸ್‌ರೀಲ್ ಕೂಡ ಇಲ್ಲ. ನ್ಯೂಸ್‌ರೀಲ್ ಅಂದರೆ ಥಿಯೇಟರಿನಲ್ಲಿ ತೋರಿಸುತ್ತಿದ್ದ ನಿಜ ಘಟನೆಗಳ ಸುದ್ದಿಚಿತ್ರ. ಇಲ್ಲಿ ಎಲ್ಲವೂ ಹೇಳಿ ಮಾಡಿಸಿದ್ದು, ಆ ಧೂಳೂ ಸೇರಿ.

1966ರ ಸಿನಿಮಾ ಇದು. ನಿರ್ದೇಶಕ ಗಿಲ್ಲೊ ಪೊಂಟೆಕೊರ್ವೊ, ಇಟಲಿಯವರು. ಕಥೆ ಆಲ್ಜೀರಿಯಾದ್ದು. ಇಷ್ಟು ನಿಜದಂತೆ ಕಾಣುವ ಸುಳ್ಳನ್ನು ಹೇಗೆ ಕಟ್ಟಿದರು, ಅದರಲ್ಲಿ ನಿಜ ಎಷ್ಟು, ಬಿಟ್ಟದ್ದೇನು ಅನ್ನುವುದನ್ನು ಬಿಡಿಸಿ ನೋಡೋಣ. ಅದಕ್ಕೆ ಮೊದಲು ಸ್ವಲ್ಪ ಇತಿಹಾಸ ಬೇಕು.

ಫ್ರಾನ್ಸ್ ಆಲ್ಜೀರಿಯಾಕ್ಕೆ ಕಾಲಿಟ್ಟಿದ್ದು 1830ರಲ್ಲಿ. ಮುಂದೆ ಅದನ್ನು ಬರೀ ವಸಾಹತು ಅಂತ ಕರೆಯದೆ, ಫ್ರಾನ್ಸಿನದೇ ಒಂದು ಭಾಗ ಅಂತ ಲೆಕ್ಕ ಹಾಕಿಕೊಂಡರು. ಸುಮಾರು ಹತ್ತು ಲಕ್ಷ ಯುರೋಪಿಯನ್ನರು ಅಲ್ಲಿ ನೆಲೆಸಿದ್ದರು. ಅಜ್ಜನ ಕಾಲದಿಂದ ಅಲ್ಲೇ ಇದ್ದವರಿಗೆ ಅದೇ ಊರು. ಆದರೆ ಸುತ್ತಲಿದ್ದ ಬಹುಪಾಲು ಮುಸ್ಲಿಮರಿಗೆ ಅವರಷ್ಟು ಹಕ್ಕು ಇರಲಿಲ್ಲ. 1954ರ ನವೆಂಬರ್ 1ರಂದು ಎಫ್‌ಎಲ್‌ಎನ್ ಎಂಬ ವಿಮೋಚನಾ ರಂಗ ಸಶಸ್ತ್ರ ಹೋರಾಟ ಶುರುಮಾಡಿತು. 1962ರ ಜುಲೈನಲ್ಲಿ ಸ್ವಾತಂತ್ರ್ಯ ಬಂತು. ನಡುವಿನ ಏಳು ಚಿಲ್ಲರೆ ವರ್ಷಗಳ ಯುದ್ಧದಲ್ಲಿ ಸಿನಿಮಾ ಮುಖ್ಯವಾಗಿ ಹಿಡಿದಿರುವುದು ರಾಜಧಾನಿ ಆಲ್ಜಿಯರ್ಸ್‌ನಲ್ಲಿ 1956-57ರಲ್ಲಿ ನಡೆದದ್ದನ್ನು.

ಆ ಊರು ಎರಡು ಊರು. ಗುಡ್ಡದ ಇಳಿಜಾರಿನಲ್ಲಿ ಕಸ್ಬಾ: ಒಂದರ ಹೆಗಲ ಮೇಲೊಂದು ಕೂತಂಥ ಮನೆಗಳು, ಮೆಟ್ಟಿಲುಗಳೇ ಬೀದಿಗಳು, ಒಂದು ತಾರಸಿಯಿಂದ ಇನ್ನೊಂದಕ್ಕೆ ಹಾರಬಹುದಾದಷ್ಟು ಒತ್ತು. ಕೆಳಗೆ ಫ್ರೆಂಚರ ಊರು: ಅಗಲ ರಸ್ತೆ, ಕೆಫೆ, ಬಾಲ್ಕನಿ. ನಡುವೆ ಮುಳ್ಳುತಂತಿ, ತಪಾಸಣೆ ಕಟ್ಟೆ. ಇಡೀ ಸಿನಿಮಾ ನಡೆಯುವುದು ಈ ಎರಡರ ನಡುವಿನ ಓಡಾಟದಲ್ಲಿ.

ಈ ಸಿನಿಮಾದ ಬೇರು ಇರುವುದು ನಿಯೋರಿಯಲಿಸಂ ಎಂಬ ಇಟಲಿಯ ಚಿತ್ರಪಂಥದಲ್ಲಿ. ಅದು ಏನು ಅನ್ನುವ ಮಾತು ಈಗ. ಎರಡನೇ ಮಹಾಯುದ್ಧ ಮುಗಿದಾಗ ಇಟಲಿಯ ದೊಡ್ಡ ಸ್ಟುಡಿಯೋ ಚಿನೆಚಿತ್ತಾದಲ್ಲಿ ನಿರಾಶ್ರಿತರು ವಾಸವಾಗಿದ್ದರು. ದುಡ್ಡಿಲ್ಲ, ಸೆಟ್ ಇಲ್ಲ. ರೊಸ್ಸೆಲ್ಲಿನಿ, ಡಿ ಸಿಕಾ ಮೊದಲಾದವರು ಕ್ಯಾಮೆರಾ ಹಿಡಿದು ಬೀದಿಗೆ ಇಳಿದರು. ನಟರ ಬದಲು ಊರ ಜನ. 1948ರ 'ಬೈಸಿಕಲ್ ಥೀವ್ಸ್'ನಲ್ಲಿ ಸೈಕಲ್ ಕಳೆದುಕೊಂಡು ಅಲೆಯುವ ಅಪ್ಪನ ಪಾತ್ರ ಮಾಡಿದಾತ ನಿಜವಾಗಿಯೂ ಫ್ಯಾಕ್ಟರಿ ಕೆಲಸಗಾರ. ಸತ್ಯಜಿತ್ ರೇ ಅದನ್ನು 1950ರಲ್ಲಿ ಲಂಡನ್ನಿನಲ್ಲಿ ನೋಡಿ ತಾವು ಮಾಡಬೇಕಾದ ಸಿನಿಮಾ ಎಂಥದ್ದು ಅಂತ ಕಂಡುಕೊಂಡರು. ನಮ್ಮ 'ಸಂಸ್ಕಾರ'ದವರು ಸ್ಟುಡಿಯೋ ಬಿಟ್ಟು ಶೃಂಗೇರಿ ಕಡೆಯ ಹಳ್ಳಿಗೆ ಹೊರಡುವ ಹೊತ್ತಿಗೆ, ಹೀಗೂ ಸಿನಿಮಾ ಮಾಡಬಹುದು ಅನ್ನುವುದು ಎಲ್ಲರಿಗೂ ಗೊತ್ತಿತ್ತು.

ಪೊಂಟೆಕೊರ್ವೊ ಕೂಡ ಹಾಗೆ ಬಂದವರೇ. 1919ರಲ್ಲಿ ಪೀಸಾದಲ್ಲಿ ಯಹೂದಿ ಮನೆತನದಲ್ಲಿ ಹುಟ್ಟಿದರು. ಮುಸೊಲಿನಿಯ ಜನಾಂಗೀಯ ಕಾನೂನಿಗೆ ಹೆದರಿ ಫ್ರಾನ್ಸಿಗೆ ಹೋದರು. ಆಮೇಲೆ ವಾಪಸ್ ಬಂದು ಫ್ಯಾಸಿಸ್ಟರ ವಿರುದ್ಧ ಭೂಗತ ಹೋರಾಟದಲ್ಲಿ ಇದ್ದರು. ರೊಸ್ಸೆಲ್ಲಿನಿಯ 'ಪೈಸಾ' ನೋಡಿದ ಮೇಲೆ ಸಿನಿಮಾನೇ ಮಾಡುತ್ತೇನೆ ಅಂತ ಗಟ್ಟಿಮಾಡಿಕೊಂಡವರು. ಕಮ್ಯುನಿಸ್ಟ್ ಪಕ್ಷದಲ್ಲಿದ್ದರು. 1956ರಲ್ಲಿ ಹಂಗೆರಿಗೆ ಸೋವಿಯತ್ ಟ್ಯಾಂಕುಗಳು ನುಗ್ಗಿದ ಮೇಲೆ ಬಿಟ್ಟರು. ಒಂದು ಊರನ್ನು ಪರರ ಸೈನ್ಯ ಹಿಡಿದಿಟ್ಟಾಗ ಒಳಗಿನಿಂದ ಅದು ಹೇಗಿರುತ್ತದೆ ಅನ್ನುವುದನ್ನು ಯಾರೂ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಅವರನ್ನು ಹುಡುಕಿಕೊಂಡು ಆಲ್ಜೀರಿಯಾದಿಂದ ಒಂದು ಪ್ರಸ್ತಾಪ ಬಂತು. ಅದರ ಹಿಂದೆ ಇದ್ದವರು ಯಾಸೆಫ್ ಸಾದಿ. ಆಲ್ಜಿಯರ್ಸ್‌ನಲ್ಲಿ ಎಫ್‌ಎಲ್‌ಎನ್‌ನ ಸಶಸ್ತ್ರ ದಳದ ಮುಖ್ಯಸ್ಥ ಆಗಿದ್ದವರು. 1957ರ ಸೆಪ್ಟೆಂಬರ್ 24ರಂದು ಸಿಕ್ಕಿಬಿದ್ದು ಮರಣದಂಡನೆಗೆ ಗುರಿಯಾಗಿದ್ದರು. ಫ್ರಾನ್ಸಿನ ನಾಯಕ ಡಿ ಗಾಲ್ ಅದನ್ನು ರದ್ದುಮಾಡಿದ್ದರಿಂದ ಉಳಿದರು. ಜೈಲಿನಲ್ಲಿ ನೆನಪುಗಳನ್ನು ಬರೆದರು, ಅದರ ಮೇಲೆ ಒಂದು ಚಿತ್ರಕಥೆಯನ್ನೂ ಮಾಡಿಸಿದ್ದರು. ಅದನ್ನು ಓದಿದ ಪೊಂಟೆಕೊರ್ವೊ ಇದು ಬರೀ ಪ್ರಚಾರ, ಆಗಲ್ಲ ಅಂದರು. ತಮಾಷೆ ಏನೆಂದರೆ ಪೊಂಟೆಕೊರ್ವೊ ಮತ್ತು ಅವರ ಬರಹಗಾರ ಫ್ರಾಂಕೊ ಸೊಲಿನಾಸ್ ಹತ್ತಿರವೂ ಆಲ್ಜೀರಿಯಾದ ಬಗ್ಗೆ ಒಂದು ಕಥೆ ಇತ್ತು. ಅದರಲ್ಲಿ ಹೀರೋ ಒಬ್ಬ ಮಾಜಿ ಫ್ರೆಂಚ್ ಪ್ಯಾರಾಟ್ರೂಪರ್ (ಪ್ಯಾರಾಚೂಟ್ ಸೈನಿಕ), ಪಾಲ್ ನ್ಯೂಮನ್‌ನಂಥ ಸ್ಟಾರ್ ಮಾಡಬೇಕಾದ ಪಾತ್ರ. ಅದು ಆಲ್ಜೀರಿಯದವರಿಗೆ ಹಿಡಿಸಲಿಲ್ಲ. ನಮ್ಮ ಯುದ್ಧದಲ್ಲಿ ನಿಮ್ಮ ಹೀರೋನಾ? ಕೊನೆಗೆ ಎರಡನ್ನೂ ಮೂಲೆಗೆ ಎಸೆದು ಹೊಸದಾಗಿ ಬರೆದರು. ಸಾದಿಯವರ ಕಂಪನಿಯೇ ನಿರ್ಮಾಣದಲ್ಲಿ ಪಾಲುದಾರ ಆಯಿತು.

ಅಷ್ಟೇ ಅಲ್ಲ, ಸಾದಿ ತಮ್ಮದೇ ಪಾತ್ರವನ್ನು ತಾವೇ ಮಾಡಿದರು. ಹೆಸರು ಮಾತ್ರ ಜಾಫರ್. ಸ್ವಲ್ಪ ಯೋಚನೆ ಮಾಡಿ. ಎಂಟು ವರ್ಷದ ಹಿಂದೆ ಯಾವ ಊರಿನಲ್ಲಿ ಸೈನಿಕರು ತನ್ನನ್ನು ಬಂದೂಕು ಹಿಡಿದು ಕರೆದೊಯ್ದರೋ, ಅದೇ ಊರಿನಲ್ಲಿ, ಕ್ಯಾಮೆರಾ ಮುಂದೆ, ವೇಷದ ಸೈನಿಕರ ಕೈಗೆ ಮತ್ತೆ ಸಿಕ್ಕಿಬೀಳುವುದು.

ಕಥಾನಾಯಕ ಅಲಿ ಲಾ ಪ್ವಾಂಟ್ ಕೂಡ ನಿಜವಾಗಿ ಇದ್ದವನೇ. ಬೀದಿಯಲ್ಲಿ ಇಸ್ಪೀಟ್ ಮೋಸ ಮಾಡಿಕೊಂಡಿದ್ದ ಹುಡುಗ. ಜೈಲಿಗೆ ಹೋದಾಗ ಒಬ್ಬ ಕೈದಿಯನ್ನು ತಲೆ ಕಡಿಯುವ ಯಂತ್ರವಾದ ಗಿಲೊಟಿನ್‌ಗೆ ಎಳೆದೊಯ್ಯುವುದನ್ನು ಕಿಟಕಿಯಿಂದ ನೋಡುತ್ತಾನೆ. ಹೊರಗೆ ಬರುವಾಗ ಬೇರೆಯೇ ಮನುಷ್ಯ. ಆ ಪಾತ್ರಕ್ಕೆ ಪೊಂಟೆಕೊರ್ವೊ ಆರಿಸಿದ್ದು ಬ್ರಾಹಿಂ ಹಗ್ಗಿಯಾಗ್ ಎಂಬಾತನನ್ನು. ಮಾರುಕಟ್ಟೆಯಲ್ಲಿ ಕಣ್ಣಿಗೆ ಬಿದ್ದ, ಓದುಬರಹ ಬಾರದ ಮನುಷ್ಯ. ಆತನ ಅಭಿನಯ ಅಂತ ನಾವು ಹೊಗಳುವುದರಲ್ಲಿ ಮುಕ್ಕಾಲು ಪಾಲು ಆ ಮುಖ, ಆ ಕಣ್ಣು. ಜಾಸ್ತಿ ಮಾತೇ ಇಲ್ಲ.

ಇಡೀ ಸಿನಿಮಾದಲ್ಲಿ ಹೇಳಿಕೊಳ್ಳುವಂಥ ವೃತ್ತಿ ನಟ ಒಬ್ಬನೇ: ಕರ್ನಲ್ ಮಾತ್ಯೂ ಪಾತ್ರದ ಜಾಂ ಮಾರ್ತಾಂ. ಫ್ರೆಂಚ್ ರಂಗಭೂಮಿಯವರು. ಆಲ್ಜೀರಿಯಾ ಯುದ್ಧವನ್ನು ವಿರೋಧಿಸಿ 1960ರಲ್ಲಿ 121 ಜನ ಲೇಖಕರು, ಕಲಾವಿದರು ಸಹಿ ಹಾಕಿದ ಹೇಳಿಕೆಗೆ ಇವರೂ ಸಹಿ ಹಾಕಿದ್ದರು. ಅದರಿಂದ ಕೆಲಸ ಕಳೆದುಕೊಂಡಿದ್ದರು. ಅಂಥವರ ಕೈಲಿ ಆ ಯುದ್ಧ ನಡೆಸಿದ ಅಧಿಕಾರಿಯ ಪಾತ್ರ ಮಾಡಿಸಿದರು. ಮಾತ್ಯೂ ಒಬ್ಬ ನಿಜವಾದ ವ್ಯಕ್ತಿ ಅಲ್ಲ. ಜನರಲ್ ಮಸ್ಸು, ಬಿಜಾರ್ ಮುಂತಾದ ಹಲವು ಅಧಿಕಾರಿಗಳನ್ನು ಕಲಸಿ ಮಾಡಿದ್ದು. ಕಪ್ಪು ಕನ್ನಡಕ, ನೆಟ್ಟಗಿನ ನಡಿಗೆ, ತಣ್ಣಗಿನ ಮಾತು. ಎಲ್ಲರೂ ಹಸಿಯಾಗಿರುವ ಕಡೆ ಇವನೊಬ್ಬನೇ ಪಾಲಿಶ್ ಮಾಡಿದ ಹಾಗೆ ಕಾಣುತ್ತಾನೆ. ವೃತ್ತಿ ನಟನನ್ನು ಹಾಕಿಕೊಂಡದ್ದೇ ಅದಕ್ಕೆ ಅಂತ ನನಗನ್ನಿಸುತ್ತದೆ. ಸೈನ್ಯ ಬಂದಿಳಿದದ್ದು ಬೇರೆ ಲೋಕದಿಂದ.

ಕ್ಯಾಮೆರಾದ ವಿಷಯಕ್ಕೆ ಬರೋಣ. ಹಳೆಯ ನಿಯೋರಿಯಲಿಸ್ಟರಿಗೂ ಪೊಂಟೆಕೊರ್ವೊಗೂ ನಡುವೆ ಇಪ್ಪತ್ತು ವರ್ಷದ ಅಂತರ ಇದೆ. ಅಷ್ಟರಲ್ಲಿ ಜನರ ಕಣ್ಣು ಬದಲಾಗಿತ್ತು. ಯುದ್ಧ, ಗಲಭೆ ಅಂದರೆ ಜನ ನೋಡುತ್ತಿದ್ದದ್ದು ಥಿಯೇಟರಿನ ನ್ಯೂಸ್‌ರೀಲ್‌ನಲ್ಲಿ, ಟೀವಿಯಲ್ಲಿ. ಅಂದರೆ 'ನಿಜ' ಅನ್ನುವುದಕ್ಕೇ ಒಂದು ಬಣ್ಣ, ಒಂದು ರೂಪ ಬಂದುಬಿಟ್ಟಿತ್ತು: ಕಪ್ಪುಬಿಳುಪು, ಕಾಳುಕಾಳಾದ ಚಿತ್ರ, ದೂರದಿಂದ ಟೆಲಿಫೋಟೋ ಲೆನ್ಸಿನಲ್ಲಿ ಎಳೆದ ಮುಖಗಳು. ಪೊಂಟೆಕೊರ್ವೊ ಮತ್ತು ಛಾಯಾಗ್ರಾಹಕ ಮಾರ್ಚೆಲ್ಲೊ ಗಟ್ಟಿ ಆ ರೂಪವನ್ನೇ ಬೇಕೆಂದು ತಯಾರಿಸಿದರು. ತೆಗೆದ ಚಿತ್ರದಿಂದ ಮತ್ತೊಂದು ನೆಗೆಟಿವ್ ಮಾಡಿಸಿ ಕಾಳು ಎದ್ದು ಕಾಣುವಂತೆ ಮಾಡಿದರು. ಸಾಮಾನ್ಯವಾಗಿ ಲ್ಯಾಬಿನವರು ಚಿತ್ರ ಶುದ್ಧವಾಗಿ ಬರಲಿ ಅಂತ ಒದ್ದಾಡುತ್ತಾರೆ. ಇವರು ಕೆಡಿಸಲು ಒದ್ದಾಡಿದರು. ಆಫ್ರಿಕಾದ ಬಿಸಿಲು ಕಣ್ಣಿಗೆ ಚುಚ್ಚುತ್ತದೆ, ನೆರಳು ಸುಂದರವಾಗಿ ಬೀಳುತ್ತದೆ. ಆ ಸೌಂದರ್ಯ ಬೇಡ ಅಂತ ಕಸ್ಬಾದ ಗಲ್ಲಿಗಳ ಮೇಲೆ ಬಟ್ಟೆ ಕಟ್ಟಿ ಬೆಳಕನ್ನು ಮಂಕು ಮಾಡಿದರು.

ಎಲ್ಲಕ್ಕಿಂತ ಹೆಚ್ಚು ಚರ್ಚೆಯಾಗಿರುವ ದೃಶ್ಯ ಮೂವರು ಹೆಂಗಸರದ್ದು. ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಮೊದಲು ಅದರ ಹಿಂದಿನ ಸರಪಳಿ. 1956ರ ಜೂನ್ 19ರಂದು ಎಫ್‌ಎಲ್‌ಎನ್‌ನ ಇಬ್ಬರು ಕೈದಿಗಳನ್ನು ಆಲ್ಜಿಯರ್ಸ್ ಜೈಲಿನಲ್ಲಿ ಗಿಲೊಟಿನ್‌ಗೆ ಹಾಕಿದರು. ಸಂಘಟನೆ ಬೀದಿಯಲ್ಲಿ ಯುರೋಪಿಯನ್ನರಿಗೆ ಗುಂಡು ಹಾರಿಸತೊಡಗಿತು. ಆಗಸ್ಟ್ 10ರ ರಾತ್ರಿ ಬಿಳಿಯ ಉಗ್ರರ ಗುಂಪೊಂದು ಕಸ್ಬಾದ ತೇಬ್ ಬೀದಿಯಲ್ಲಿ ಬಾಂಬ್ ಇಟ್ಟಿತು. ಮಲಗಿದ್ದ ಜನರ ಮೇಲೆ ಮನೆಗಳು ಕುಸಿದವು. ಅದಕ್ಕೆ ಉತ್ತರವಾಗಿ ಸೆಪ್ಟೆಂಬರ್ 30ರಂದು ಫ್ರೆಂಚರ ಊರಿನಲ್ಲಿ ಮೂರು ಕಡೆ ಬಾಂಬ್ ಇಡಲು ಮೂವರು ಯುವತಿಯರು ಹೊರಟರು. ಜೋಹ್ರಾ ದ್ರಿಫ್ ಮಿಲ್ಕ್ ಬಾರ್‌ಗೆ, ಸಾಮಿಯಾ ಲಖ್ದಾರಿ ಕೆಫೆಟೇರಿಯಾಕ್ಕೆ, ಜಮೀಲಾ ಬುಹಿರೆದ್ ಏರ್ ಫ್ರಾನ್ಸ್ ಕಚೇರಿಗೆ. ಮೂರನೆಯದು ಸಿಡಿಯಲಿಲ್ಲ.

ಸಿನಿಮಾದಲ್ಲಿ ಇದು ಕನ್ನಡಿ ಮುಂದೆ ಶುರುವಾಗುತ್ತದೆ. ಹಾಯಿಕ್ ಅನ್ನುವ ಬಿಳಿ ಹೊದಿಕೆ ತೆಗೆದು ಫ್ರೆಂಚ್ ಹುಡುಗಿಯರ ಹಾಗೆ ಸಿದ್ಧವಾಗುತ್ತಾರೆ. ಕೂದಲು ಕತ್ತರಿಸಿ ಬಣ್ಣ ಹಚ್ಚಿಕೊಳ್ಳುತ್ತಾರೆ, ಲಿಪ್‌ಸ್ಟಿಕ್ ಹಾಕಿಕೊಳ್ಳುತ್ತಾರೆ. ಮಾತಿಲ್ಲ. ಡೋಲಿನ ಬಡಿತ ಮಾತ್ರ. ಸಿಂಗಾರ ಮಾಡಿಕೊಳ್ಳುವಾಗ ಮುಖದಲ್ಲಿರಬೇಕಾದ ಖುಷಿ ಇಲ್ಲಿ ಇಲ್ಲ. ತಪಾಸಣೆ ಕಟ್ಟೆಯಲ್ಲಿ ಸೈನಿಕರು ಅವರನ್ನು ನೋಡಿ ಹಲ್ಲುಕಿರಿದು ಒಳಗೆ ಬಿಡುತ್ತಾರೆ. ಹೊದಿಕೆಯ ಒಳಗೆ ಏನಿದೆಯೋ ಅನ್ನುವ ಅನುಮಾನ ಅವರಿಗೆ. ಹೊದಿಕೆ ತೆಗೆದರೆ ಅನುಮಾನವೂ ಹೋಯಿತು.

ಆಮೇಲೆ ಕೆಫೆ. ಹುಡುಗಿ ಬುಟ್ಟಿ ಹಿಡಿದು ಒಳಗೆ ಬರುತ್ತಾಳೆ. ಒಬ್ಬ ಸಂಭಾವಿತ ಎದ್ದು ತನ್ನ ಸ್ಟೂಲ್ ಬಿಟ್ಟುಕೊಡುತ್ತಾನೆ. ಕೂತು, ಕಾಲಿನಿಂದ ಬುಟ್ಟಿಯನ್ನು ಮೆಲ್ಲಗೆ ಒಳಕ್ಕೆ ತಳ್ಳುತ್ತಾಳೆ. ಇನ್ನು ಎದ್ದು ಹೋಗಬಹುದು. ಆದರೆ ಕ್ಯಾಮೆರಾ ಆಗಲೇ ಸುತ್ತ ನೋಡಲು ಶುರುಮಾಡುತ್ತದೆ, ಅವಳ ಕಣ್ಣಿನಿಂದಲೇ. ಹರಟೆ ಹೊಡೆಯುವವರು, ಐಸ್‌ಕ್ರೀಮ್ ನೆಕ್ಕುತ್ತಿರುವ ಒಂದು ಪುಟ್ಟ ಮಗು. ಗೋಡೆಯ ಮೇಲೆ ಗಡಿಯಾರ. ಹೋರಾಟಗಾರರ ಪರ ಇರುವ ನಿರ್ದೇಶಕ ಆ ಮಗುವನ್ನು ತೋರಿಸದೇ ಇರಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ಪೊಂಟೆಕೊರ್ವೊ ತೋರಿಸಿದರು. ಬಾಂಬ್ ಸಿಡಿದ ಮೇಲೆ ಸತ್ತವರ ಮೇಲೆ ಕೇಳುವ ಸಂಗೀತ ತೇಬ್ ಬೀದಿಯಲ್ಲಿ ಸತ್ತವರ ಮೇಲೆ ಕೇಳಿದ್ದೇ. ಸಂಗೀತ ಎನ್ನಿಯೊ ಮೊರಿಕೋನೆ ಮತ್ತು ಪೊಂಟೆಕೊರ್ವೊ ಇಬ್ಬರದ್ದು. ಎರಡೂ ಕಡೆಯ ಹೆಣಗಳಿಗೆ ಒಂದೇ ರಾಗ ಇಟ್ಟದ್ದು ಬೇಕೆಂದೇ.

ಇದನ್ನು 'ನಿಷ್ಪಕ್ಷಪಾತ' ಅಂತ ಕರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸಿನಿಮಾ ಯಾರ ಪರ ಅನ್ನುವುದರಲ್ಲಿ ಗುಟ್ಟೇನಿಲ್ಲ. ಆದರೆ ತನ್ನ ಕಡೆಯವರು ಮಾಡಿದ್ದಕ್ಕೆ ಬೆಲೆ ತೆತ್ತವರು ಯಾರು ಅನ್ನುವುದನ್ನು ಬಚ್ಚಿಡುವುದಿಲ್ಲ. ಎರಡೂ ಬೇರೆ ಬೇರೆ.

1957ರ ಜನವರಿ 7ರಂದು ಸರ್ಕಾರ ಊರಿನ ಪೊಲೀಸ್ ಅಧಿಕಾರವನ್ನೇ ಮಸ್ಸು ಅವರ ಪ್ಯಾರಾಟ್ರೂಪರ್ ಪಡೆಗೆ ಒಪ್ಪಿಸಿತು. ಸಿನಿಮಾದಲ್ಲಿ ಮಾತ್ಯೂ ಕಪ್ಪು ಹಲಗೆಯ ಮುಂದೆ ನಿಂತು ಪಾಠ ಮಾಡುತ್ತಾನೆ. ಸಂಘಟನೆ ಪಿರಮಿಡ್ ಥರ ಇದೆ. ಒಬ್ಬನಿಗೆ ಗೊತ್ತಿರುವುದು ಮೂರೇ ಜನ: ತನ್ನನ್ನು ಆರಿಸಿದವನು ಒಬ್ಬ, ತಾನು ಆರಿಸಿದವರು ಇಬ್ಬರು. ಹಾಗಾಗಿ ಒಬ್ಬ ಸಿಕ್ಕರೆ ಮೂವರ ಹೆಸರು ಸಿಗಬಹುದು, ಅಷ್ಟೇ. ಅದೂ ಬೇಗ ಸಿಗಬೇಕು. ಏಕೆಂದರೆ ಸಿಕ್ಕಿಬಿದ್ದವನಿಗೆ ಇರುವ ಅಪ್ಪಣೆ ಇಪ್ಪತ್ತನಾಲ್ಕು ಗಂಟೆ ಬಾಯಿ ಬಿಡಬಾರದು ಅಂತ. ಅಷ್ಟರಲ್ಲಿ ಉಳಿದವರು ಜಾಗ ಬದಲಾಯಿಸಿರುತ್ತಾರೆ. ಈ ಲೆಕ್ಕ ಅರ್ಥವಾದರೆ ಮುಂದಿನದ್ದು ಅರ್ಥವಾಗುತ್ತದೆ. ಗಂಟೆಗಳ ಪೈಪೋಟಿ ಇದು. ಚಿತ್ರಹಿಂಸೆ ಇಲ್ಲಿ ಯಾವನೋ ಕ್ರೂರಿಯ ಖಯಾಲಿ ಆಗಿ ಬರುವುದಿಲ್ಲ, ಕಚೇರಿಯ ಕೆಲಸದ ಹಾಗೆ ಬರುತ್ತದೆ. ಹೆಸರು ಬರೆದುಕೊಳ್ಳುವುದು, ಹಲಗೆಯ ಮೇಲೆ ಮನೆ ತುಂಬುವುದು.

ಪತ್ರಕರ್ತರು ಚಿತ್ರಹಿಂಸೆಯ ಬಗ್ಗೆ ಕೇಳಿದಾಗ ಮಾತ್ಯೂ ತಿರುಗಿ ಒಂದು ಪ್ರಶ್ನೆ ಹಾಕುತ್ತಾನೆ: ಫ್ರಾನ್ಸ್ ಆಲ್ಜೀರಿಯಾದಲ್ಲಿ ಇರಬೇಕೋ ಬೇಡವೋ? ಇರಬೇಕು ಅಂದರೆ, ಅದರಿಂದ ಬರುವುದನ್ನೆಲ್ಲ ಒಪ್ಪಿಕೊಳ್ಳಿ. ಈ ಮಾತು ಕೇಳಿದಾಗಲೆಲ್ಲ ನನಗೆ ಮೈ ಜುಂ ಅನ್ನುತ್ತದೆ, ಏಕೆಂದರೆ ತರ್ಕ ಸರಿಯಾಗಿದೆ. ಅಂದಮೇಲೆ ತಪ್ಪಿರುವುದು ಅದರ ಹಿಂದಿನ ಮೊದಲ 'ಇರಬೇಕು'ನಲ್ಲೇ. ಅದನ್ನು ಸಿನಿಮಾ ಬಾಯಿಬಿಟ್ಟು ಹೇಳುವುದಿಲ್ಲ.

ಇನ್ನೊಂದು ಪತ್ರಿಕಾಗೋಷ್ಠಿಯಲ್ಲಿ ಕೈಕೋಳ ಹಾಕಿಸಿಕೊಂಡ ನಾಯಕ ಲಾರ್ಬಿ ಬೆನ್ ಮ್ಹಿದಿ. ಹೆಂಗಸರ ಬುಟ್ಟಿಯಲ್ಲಿ ಬಾಂಬ್ ಸಾಗಿಸುವುದು ಹೇಡಿತನ ಅಲ್ಲವೇ ಅಂತ ಒಬ್ಬ ಕೇಳುತ್ತಾನೆ. ನಿಮ್ಮ ಬಾಂಬರ್ ವಿಮಾನಗಳನ್ನು ನಮಗೆ ಕೊಡಿ, ನಮ್ಮ ಬುಟ್ಟಿಗಳನ್ನು ತೆಗೆದುಕೊಳ್ಳಿ ಅನ್ನುತ್ತಾರೆ ಆತ. ಆಮೇಲೆ ಆತ ಸತ್ತ ಸುದ್ದಿ ಬರುತ್ತದೆ, ಆತ್ಮಹತ್ಯೆ ಅನ್ನುವ ಹೆಸರಿನಲ್ಲಿ. 1957ರ ಮಾರ್ಚ್‌ನಲ್ಲಿ ಫ್ರೆಂಚ್ ಸೈನ್ಯ ಹೇಳಿದ್ದೂ ಅದನ್ನೇ. ಆಗ ಅಲ್ಲಿದ್ದ ಅಧಿಕಾರಿ ಪಾಲ್ ಒಸಾರೆಸ್ 2001ರ ಪುಸ್ತಕದಲ್ಲಿ, ಬೆನ್ ಮ್ಹಿದಿಯನ್ನು ಕೊಂದದ್ದು ತಾವೇ ಅಂತ ಬರೆದರು. 2024ರ ನವೆಂಬರ್‌ನಲ್ಲಿ ಅಧ್ಯಕ್ಷ ಮ್ಯಾಕ್ರೋನ್ ಅದನ್ನು ಅಧಿಕೃತವಾಗಿ ಒಪ್ಪಿಕೊಂಡರು. ಆತ್ಮಹತ್ಯೆ ಅನ್ನುವ ಪದಕ್ಕೆ ಸರ್ಕಾರದ ಬಾಯಲ್ಲಿ ಅರವತ್ತೇಳು ವರ್ಷ ಆಯಸ್ಸಿತ್ತು.

ಸಿನಿಮಾದಲ್ಲಿ ಇಲ್ಲದ ಒಬ್ಬ ಫ್ರೆಂಚ್ ಅಧಿಕಾರಿಯನ್ನೂ ಇಲ್ಲಿ ನೆನೆಯಬೇಕು. ಪಾಲ್ ಟೈಟ್‌ಗೆನ್, ಆಲ್ಜಿಯರ್ಸ್ ಪೊಲೀಸ್ ಆಡಳಿತದ ಹೊಣೆ ಹೊತ್ತವರು. ಕೈದಿಗಳ ಮೈಮೇಲಿನ ಗುರುತುಗಳನ್ನು ನೋಡಿ, ಹಿಂದೆ ಜರ್ಮನರ ಗುಪ್ತ ಪೊಲೀಸ್ ಗೆಸ್ಟಪೊ ತಮ್ಮ ಮೈಮೇಲೆ ಬಿಟ್ಟ ಗುರುತುಗಳು ಇವೇ ಅಂತ ರಾಜೀನಾಮೆ ಪತ್ರದಲ್ಲಿ ಬರೆದರು. ಹಿಡಿದೊಯ್ದವರಲ್ಲಿ ವಾಪಸ್ ಬಾರದವರು 3,024 ಜನ ಅನ್ನುವುದು ಅವರ ಲೆಕ್ಕ. ಅಂಥವರು ಒಬ್ಬರು ತೆರೆಯ ಮೇಲೆ ಇದ್ದಿದ್ದರೆ ಸಿನಿಮಾ ಇನ್ನೂ ತೊಡಕಾಗುತ್ತಿತ್ತು, ಚೆನ್ನಾಗಿಯೂ ಆಗುತ್ತಿತ್ತು.

ಬಿಟ್ಟದ್ದು ಇನ್ನೂ ಇದೆ. ಎಫ್‌ಎಲ್‌ಎನ್ ತನ್ನ ಎದುರಾಳಿ ಆಲ್ಜೀರಿಯನ್ ಸಂಘಟನೆಯ ಜನರನ್ನೇ ಕೊಂದದ್ದು ಇಲ್ಲಿ ಇಲ್ಲ. ಸಂಘಟನೆಯ ಒಳಗಿನ ಜಗಳವೂ ಇಲ್ಲ. ಹೆಂಗಸರು ಬಾಂಬ್ ಇಡುತ್ತಾರೆ, ಓಡುತ್ತಾರೆ, ಅಡಗಿಸಿಡುತ್ತಾರೆ. ಆದರೆ ಮಾತಾಡುವುದು ತೀರಾ ಕಡಿಮೆ, ನಿರ್ಧಾರ ಮಾಡುವವರು ಗಂಡಸರೇ. ಸಾದಿ ಸಿಕ್ಕಿಬಿದ್ದ ದಿನ ಜೊತೆಗೆ ಸಿಕ್ಕವರು ಕಾನೂನು ಓದುತ್ತಿದ್ದ ಜೋಹ್ರಾ ದ್ರಿಫ್. ಅವರಿಗೆ ಹೇಳಲು ಬೇಕಾದಷ್ಟಿತ್ತು. ತಮ್ಮ ನೆನಪುಗಳನ್ನು ಮುಂದೆ ತಾವೇ ಬರೆದರು. ನಿರ್ಮಾಪಕರೇ ಕಥೆಯ ನಾಯಕರಲ್ಲಿ ಒಬ್ಬರಾದಾಗ ಯಾವ ಬಾಗಿಲು ತೆರೆಯುತ್ತದೆ, ಯಾವುದು ಮುಚ್ಚಿರುತ್ತದೆ ಅಂತ ಊಹಿಸುವುದು ಕಷ್ಟವಲ್ಲ. ನ್ಯೂಸ್‌ರೀಲ್‌ನಂತೆ ಕಾಣುವುದರ ಅಪಾಯವೂ ಇದೇ. ಕಥೆ ಅಂತ ಗೊತ್ತಿದ್ದರೆ ಅನುಮಾನ ಪಡುತ್ತೇವೆ. ವರದಿಯಂತೆ ಕಂಡರೆ ಸುಮ್ನೆ ನಂಬಿಬಿಡುತ್ತೇವೆ.

1966ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅಲ್ಲಿನ ಅತಿ ದೊಡ್ಡ ಪ್ರಶಸ್ತಿ ಚಿನ್ನದ ಸಿಂಹ ಬಂತು, ಫ್ರೆಂಚ್ ನಿಯೋಗ ಎದ್ದು ಹೋಯಿತು. ಫ್ರಾನ್ಸಿನಲ್ಲಿ ವರ್ಷಗಟ್ಟಲೆ ತೋರಿಸಲು ಬಿಡಲಿಲ್ಲ. 1970ರ ದಶಕದ ಶುರುವಿನಲ್ಲಿ ಬಿಟ್ಟಾಗ ಥಿಯೇಟರುಗಳಿಗೆ ಬೆದರಿಕೆ ಬಂತು, ದಾಳಿ ಆಯಿತು. ಇತ್ತ ಅಮೆರಿಕದಲ್ಲಿ ಕರಿಯರ ಪರ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ಸ್ ಇದನ್ನು ಪಾಠದಂತೆ ನೋಡಿದರು. ಅತ್ತ ಅರ್ಜೆಂಟೀನಾದ ನೌಕಾಪಡೆಯ ತರಬೇತಿಯಲ್ಲೂ ತೋರಿಸಿದರು, ಅವರಿಗೆ ಬೇಕಾದ ಪಾಠ ಮಾತ್ಯೂನದು. 2003ರ ಆಗಸ್ಟ್‌ನಲ್ಲಿ, ಇರಾಕ್ ಕೈ ಮೀರುತ್ತಿದ್ದಾಗ, ಅಮೆರಿಕದ ರಕ್ಷಣಾ ಇಲಾಖೆ ಪೆಂಟಗನ್ ತನ್ನ ಅಧಿಕಾರಿಗಳಿಗೆ ಪ್ರದರ್ಶನ ಇಟ್ಟಿತು. ಭಯೋತ್ಪಾದನೆಯ ವಿರುದ್ಧ ಕಾಳಗ ಗೆದ್ದು ವಿಚಾರಗಳ ಯುದ್ಧ ಸೋಲುವುದು ಹೇಗೆ ಅನ್ನುವ ಅರ್ಥದ ಆಹ್ವಾನ ಪತ್ರ ಅದಕ್ಕೆ. ಒಂದೇ ಸಿನಿಮಾವನ್ನು ಬಂಡಾಯಗಾರರೂ ಅವರನ್ನು ಹಿಡಿಯುವವರೂ ಕೈಪಿಡಿಯಂತೆ ಓದಿದ್ದಾರೆ. ಕೆಲಸ ಹೇಗೆ ನಡೆಯುತ್ತದೆ ಅಂತ ಎರಡೂ ಕಡೆಯದನ್ನು ಸರಿಯಾಗಿ ತೋರಿಸಿದ್ದರ ಫಲ ಇದು.

ಕಾಳಗದಲ್ಲಿ ಗೆದ್ದದ್ದು ಫ್ರೆಂಚರೇ. 1957ರ ಅಕ್ಟೋಬರ್‌ನಲ್ಲಿ ಗೋಡೆಯ ಹಿಂದಿನ ಸಣ್ಣ ಗೂಡಿನಲ್ಲಿ ಅಲಿ, ಹೋರಾಟಗಾರ್ತಿ ಹಸೀಬಾ ಬೆನ್ ಬುಅಲಿ, ಪುಟ್ಟ ಒಮರ್ ಮತ್ತು ಇನ್ನೊಬ್ಬ ಸಂಗಾತಿ ಅಡಗಿದ್ದರು. ಹೊರಗೆ ಬರಲಿಲ್ಲ. ಸೈನ್ಯ ಸ್ಫೋಟಿಸಿತು. ಪಿರಮಿಡ್ ಪೂರ್ತಿ ಬಿತ್ತು, ಮಾತ್ಯೂನ ಹಲಗೆಯಲ್ಲಿ ಎಲ್ಲ ಮನೆಯೂ ತುಂಬಿತು. ಸಿನಿಮಾ ಇಲ್ಲಿಗೆ ಮುಗಿಯಬೇಕಿತ್ತು.

ಮುಗಿಯುವುದಿಲ್ಲ. 1960ರ ಡಿಸೆಂಬರ್. ಯಾವ ನಾಯಕರೂ ಉಳಿದಿಲ್ಲದ ಕಸ್ಬಾದಿಂದ ಜನ ಹೊಳೆಯಂತೆ ಇಳಿದು ಬರುತ್ತಾರೆ, ಹರಿದ ಬಟ್ಟೆಯಲ್ಲಿ ಹೊಲಿದ ಬಾವುಟ ಹಿಡಿದು. ಯಾಕೆ ಈಗ, ಯಾರು ಹೇಳಿದ್ದು, ವರದಿಗಾರರಿಗೂ ಗೊತ್ತಾಗುವುದಿಲ್ಲ. ರಾತ್ರಿಯಿಡೀ ತಾರಸಿಗಳಿಂದ ಹೆಂಗಸರು ನಾಲಿಗೆ ಹೊರಳಿಸಿ ಕೂಗುವ ಸದ್ದು. ಹೊಗೆ ತುಂಬಿದ ಬೀದಿಯಲ್ಲಿ ಒಬ್ಬ ಅಧಿಕಾರಿ ಮೆಗಾಫೋನ್ ಹಿಡಿದು ಕೂಗುತ್ತಾನೆ: ಮನೆಗೆ ಹೋಗಿ, ಏನು ಬೇಕು ನಿಮಗೆ? ಹೊಗೆಯ ಒಳಗಿನಿಂದ ಉತ್ತರ ಬರುತ್ತದೆ. ಕೂಗಿದವರ ಮುಖ ಕಾಣುವುದಿಲ್ಲ. ಆಮೇಲೆ ಒಬ್ಬಳು ಬಾವುಟ ಬೀಸುತ್ತಾ ಪೊಲೀಸರ ಸಾಲಿನ ಮುಂದೆ ಕುಣಿಯುತ್ತಾಳೆ. ಅವರು ಹಿಂದಕ್ಕೆ ತಳ್ಳುತ್ತಾರೆ. ಅವಳು ಮತ್ತೆ ಮುಂದಕ್ಕೆ ಬರುತ್ತಾಳೆ.